ಉಗಿಗೆ ಅಂಜುತ್ತಿದ್ದ ಬಾಯ್ಲರ್ ಕಾಕಾ

ಬಾಯ್ಲರ್ ಕಾಕಾನ ಎಡಗಿವಿಯ ಮೇಲಿನ ಅರ್ಧ ಇರಲಿಲ್ಲ. ಅಲ್ಲಿಂದ ಕೊರಳಿನವರೆಗೂ ಚರ್ಮ ಕಾದ ಹಾಲಿನ ಕೆನೆಯಂತೆ ಸುಕ್ಕುಗಟ್ಟಿ ಹೊಳೆಯುತ್ತಿತ್ತು. ಮೊದಲ ಸಲ ನೋಡಿದಾಗ ನಾನು ಕಣ್ಣು ತಪ್ಪಿಸಿದೆ. ಅದು ಅವರಿಗೆ ಗೊತ್ತಾಯಿತು. "ಉಗಿ ಹಾದು ಹೋಗೈತಿ, ತಂಗಿ. ನೋಡಿದ್ರ ಏನೂ ಆಗಂಗಿಲ್ಲ" ಎಂದರು.

ನಾನು ಹಾವೇರಿಯಲ್ಲಿ ಬ್ಲೌಸು, ಚೂಡಿದಾರ ಹೊಲಿಯುವವಳು. ನಾಲ್ಕು ವರ್ಷದ ಹಿಂದೆ ಕಾಲೇಜಿನ ಮೇಡಮ್ ಒಬ್ಬರು ಮೊಬೈಲಿನಲ್ಲಿ ಒಂದು ಉದ್ದ ಕೋಟಿನ ಚಿತ್ರ ತೋರಿಸಿ, ಅದೇ ಥರ ಹೊಲಿದುಕೊಡು ಅಂದರು. ಹಿತ್ತಾಳೆ ಗುಂಡಿ, ಬೆನ್ನಿಗೆ ಲಾಡಿ, ಗಡಿಯಾರ ಇಡಲು ಸಣ್ಣ ಕಿಸೆ. ಎಲ್ಲಿ ಹಾಕಿಕೊಳ್ಳುತ್ತೀರಿ ಎಂದು ಕೇಳಿದ್ದಕ್ಕೆ, "ನಮ್ಮದೊಂದು ಸ್ಟೀಮ್‌ಪಂಕ್ ಗುಂಪು ಐತಿ. ಕರೆಂಟು ಬರದ, ಉಗಿಯಂತ್ರಾನ ಜಗತ್ತು ನಡೆಸಿದ್ರ ಹೆಂಗಿರತಿತ್ತು ಅಂತ ಆಟ ಆಡತೀವಿ. ಚಹಾ ಕುಡಿಯಾಕ ಬಾ" ಎಂದು ಕರೆದರು.

ಹೋದೆ. ರಾಣೇಬೆನ್ನೂರಿನ ಒಂದು ಮನೆಯ ಹಿತ್ತಲಲ್ಲಿ ಹದಿನೈದು ಜನ ಹಿತ್ತಾಳೆ ಕನ್ನಡಕ ಹಣೆಗೇರಿಸಿಕೊಂಡು ಕೂತಿದ್ದರು. ನಡುವೆ ಕೊಡದಷ್ಟು ದೊಡ್ಡ ತಾಮ್ರದ ಬಾಯ್ಲರು, ಕೆಳಗೆ ಇದ್ದಿಲ ಕೆಂಡ. ಅದರ ಉಗಿಯನ್ನು ನಳಿಕೆಯಿಂದ ಹಾಲಿಗೆ ಬಿಟ್ಟು ಚಹಾ ಮಾಡುತ್ತಿದ್ದರು. ನನಗೆ ಮನೆಯ ಕುಕ್ಕರಿನ ಸೀಟಿ ಅಂದರೇ ಭಯ. ಬಾಗಿಲ ಬಳಿ ನಿಂತೆ. ಆಗ ನೋಡಿದರೆ, ನನ್ನಂತೆಯೇ ಗೋಡೆಗೆ ಅಂಟಿ ನಿಂತ ಇನ್ನೊಬ್ಬರಿದ್ದರು. ಅವರೇ ಕಾಕಾ. ಮೂವತ್ತು ವರ್ಷ ಎಣ್ಣೆ ಮಿಲ್ಲಿನ ಬಾಯ್ಲರು ನೋಡಿಕೊಂಡವರು, ಮೂಲ ಊರು ಮೇಡ್ಲೇರಿ. ಆ ತಾಮ್ರದ ಬಾಯ್ಲರನ್ನು ಮಾಡಿದವರೂ ಅವರೇ.

ಗುಂಪಿನ ಚಹಾಕ್ಕೆ ಅವರದೇ ಕಟ್ಟಳೆ ಇತ್ತು. ಕೆಂಡ ಹಾಕುವ ಮುಂಚೆ ಸೇಫ್ಟಿ ವಾಲ್ವನ್ನು ಬೆರಳಿನಿಂದ ಮೂರು ಸಲ ಎತ್ತಿ ಬಿಡಬೇಕು. ಉಗಿ ಹೆಚ್ಚಾದರೆ ತಾನೇ ತೆರೆದುಕೊಂಡು ಹೊರಹಾಕುವ ಮುಚ್ಚಳ ಅದು. ಅದು ಸುಯ್ ಎನ್ನುವ ತನಕ ಯಾರೂ ಹತ್ತಿರ ಹೋಗುವಂತಿಲ್ಲ. ಆಮೇಲೆ ಎಲ್ಲರೂ ತಮ್ಮ ತಮ್ಮ ಹಿತ್ತಾಳೆ ಕಪ್ಪು ಮುಂದೆ ಹಿಡಿಯಬೇಕು. ಚಹಾ ಬಂದ ಮೇಲೆ ಬಿಸ್ಕೀಟಿನ ಪಂದ್ಯ. ಇಬ್ಬರು ಎದುರುಬದುರು ಕೂತು ಬಿಸ್ಕೀಟನ್ನು ಚಹಾದಲ್ಲಿ ಅದ್ದಿ, ಐದು ಎಣಿಸಿ ಮೇಲೆತ್ತಬೇಕು. ಅದು ಮುರಿದು ಬೀಳುವ ಮುಂಚೆ, ಆದರೆ ಎದುರಿನವರಿಗಿಂತ ತಡವಾಗಿ ಬಾಯಿಗಿಟ್ಟವರು ಗೆದ್ದಂತೆ. ಕಾಕಾ ಪ್ರತಿ ಸಲ ಸೋಲುತ್ತಿದ್ದರು. ಮೇಲೆತ್ತಿದ ಕೂಡಲೇ ತಿಂದುಬಿಡುತ್ತಿದ್ದರು. "ಬೀಳೂ ತನಕ ಯಾಕ ಕಾಯಬೇಕ್ರಿ" ಎನ್ನುತ್ತಿದ್ದರು.

ಅವರ ಪಕ್ಕ ನಿಂತರೆ ನನ್ನ ಭಯಕ್ಕೆ ನನಗೆ ನಾಚಿಕೆ ಆಗುತ್ತಿರಲಿಲ್ಲ. ಅದಕ್ಕೇ ಮತ್ತೆ ಮತ್ತೆ ಹೋದೆ.

ಹೋದ ವರ್ಷಕ್ಕೂ ಹಿಂದಿನ ಬೇಸಿಗೆಯಲ್ಲಿ ಬ್ಯಾಡಗಿಯಲ್ಲಿ ಸೇರಿದ್ದೆವು. ಗುಂಪಿನವರೊಬ್ಬರ ಮೆಣಸಿನಕಾಯಿ ಗೋದಾಮು ಖಾಲಿಯಾಗಿತ್ತು. ಮೂಲೆಯಲ್ಲಿ ತೊಟ್ಟು, ಮುರುಕು ತುಂಬಿದ ನಾಲ್ಕು ಚೀಲ ಮಾತ್ರ ಉಳಿದಿದ್ದವು. ಮನೆಮಂದಿಯನ್ನೂ ಕರೆದಿದ್ದರಿಂದ ಮೂವತ್ತು ಜನ ಆಗಿದ್ದರು, ಅದರಲ್ಲಿ ಆರೇಳು ಮಕ್ಕಳು. ಗುಂಪಿನ ವೆಲ್ಡರು ಹೊಸದಾಗಿ ಒಂದು ದೊಡ್ಡ ಬಾಯ್ಲರು ಮಾಡಿ ತಂದಿದ್ದ. ಅದಕ್ಕೆ ಚಕ್ರ, ಸೀಟಿ, ಒತ್ತಡ ತೋರಿಸುವ ಮುಳ್ಳು ಎಲ್ಲ ಇದ್ದವು. ಕಾಕಾ ಅದರ ಸುತ್ತ ಎರಡು ಸಲ ತಿರುಗಿ, ವಾಲ್ವನ್ನು ಮೂರು ಸಲ ಎತ್ತಿ ನೋಡಿ, ಕೈ ತೊಳೆಯಲು ಹೊರಗೆ ಹೋದರು.

ಕೆಂಡ ಹಾಕಿದ ಸ್ವಲ್ಪ ಹೊತ್ತಿಗೆ ವಾಲ್ವಿನಿಂದ ಉಗಿ ಸೋರತೊಡಗಿತು. ಸೀಟಿ ಜೋರಾಗಿ ಕೂಗಲಿ ಅಂತಲೋ ಏನೋ, ವೆಲ್ಡರು ಅತ್ತಿತ್ತ ನೋಡಿ, ಜೇಬಿನಿಂದ ತಂತಿ ತೆಗೆದು ವಾಲ್ವನ್ನು ಬಿಗಿದು ಕಟ್ಟಿದ. ನಾನು ಮೂರು ಮಾರು ದೂರದಲ್ಲಿ ನಿಂತು ನೋಡಿದೆ. ತಪ್ಪು ಅಂತ ಗೊತ್ತಿತ್ತು. ಆದರೆ ಅವನು ಯಂತ್ರ ಬಲ್ಲವನು, ನಾನು ಹೊಲಿಯುವವಳು. ಅಷ್ಟು ಜನರೆದುರು ಬಾಯಿ ತೆರೆಯಲು ಅಂಜಿ ಸುಮ್ಮನಾದೆ.

ಕಾಕಾ ಒಳಗೆ ಬಂದರು. ಎಲ್ಲರೂ ನಗುತ್ತಿದ್ದರು. ಅವರು ಮಾತ್ರ ತಲೆ ಓರೆ ಮಾಡಿ, ನೆಟ್ಟಗಿದ್ದ ಕಿವಿಯನ್ನು ಬಾಯ್ಲರಿನ ಕಡೆ ತಿರುಗಿಸಿದರು.

"ಇಷ್ಟೊತ್ತಿಗೆ ಇದು ಸುಯ್ ಅನ್ನಬೇಕಿತ್ತು. ಯಾರರ ಮುಟ್ಟೀರೇನು?"

ವೆಲ್ಡರು ಮುಳ್ಳಿನ ಕಡೆ ಕೈ ತೋರಿಸಿ, "ಇನ್ನೂ ಅರ್ಧಕ್ಕ ಬಂದಿಲ್ರಿ ಕಾಕಾ" ಎಂದ. ಕಾಕಾ ಬೆರಳಿನಿಂದ ಅದನ್ನು ತಟ್ಟಿದರು. ಮುಳ್ಳು ಜಗ್ಗಲಿಲ್ಲ. ಅದು ಸಿಕ್ಕಿಕೊಂಡು ನಿಂತಿತ್ತು. ಅವರು ನನ್ನತ್ತ ನೋಡಿದರು. ನನ್ನ ಮುಖದಲ್ಲೇ ಕಂಡಿರಬೇಕು.

"ತಂತಿ ಕಟ್ಯಾನ್ರಿ" ಎಂದೆ. ದನಿ ನನಗೇ ಕೇಳಿಸಲಿಲ್ಲ. ಅವರಿಗೆ ಕೇಳಿಸಿತು.

ಅವರು ಕೂಗಲಿಲ್ಲ. "ಎಲ್ಲಾರೂ ಹೊರಗ ನಡೀರಿ. ಓಡಬ್ಯಾಡ್ರಿ. ಹುಡುಗುರನ್ನ ಎತ್ಕೋರಿ" ಎಂದಷ್ಟೇ ಹೇಳಿದರು. ವೆಲ್ಡರು ತಂತಿ ಬಿಚ್ಚಲು ಮುಂದೆ ಬಂದ. ಕಾಕಾ ಅವನ ರಟ್ಟೆ ಹಿಡಿದು ಹಿಂದಕ್ಕೆ ನೂಕಿದರು. "ಈಗ ಏನೂ ಬಿಚ್ಚೂಹಂಗಿಲ್ಲ, ಒಮ್ಮೆಲೆ ಸಿಡೀತೈತಿ. ನೀರೂ ಹಾಕೂಹಂಗಿಲ್ಲ. ಬೆಂಕಿ ತಗದು ಬಿಟ್ಟುಬಿಡಬೇಕು. ನಡಿ ನೀ."

ಒಳಗೆ ಉಳಿದವರು ಅವರೊಬ್ಬರೇ. ನೆಲದ ಮೇಲೆ ಹೊಟ್ಟೆ ಎಳೆದುಕೊಂಡು ಹೋಗಿ, ಉದ್ದ ಹಿಡಿಕೆಯ ಸಲಿಕೆಯಿಂದ ಕೆಂಡಗಳನ್ನು ಕಬ್ಬಿಣದ ಬುಟ್ಟಿಗೆ ಎಳೆಯತೊಡಗಿದರು. ನಾನು ಬಾಗಿಲ ಹೊರಗೆ ಗೋಡೆಗೆ ಒರಗಿ ಇಣುಕುತ್ತಿದ್ದೆ. ಬಾಯ್ಲರಿನೊಳಗಿಂದ ಟಿಕ್, ಟಿಕ್ ಎಂದು ಸದ್ದು ಬರುತ್ತಿತ್ತು. ಎರಡು ಮೂರು ಕೆಂಡ ಜಾರಿ ಉರುಳಿ ಚೀಲಗಳಿಗೆ ತಾಗಿದವು. ಮೆಣಸಿನಕಾಯಿ ತೊಟ್ಟು ಹೊತ್ತಿಕೊಂಡಿತು. ಆ ಘಾಟು ಒಂದೇ ಉಸಿರಿಗೆ ಗೋದಾಮನ್ನು ತುಂಬಿತು. ಹೊರಗಿದ್ದ ಉಳಿದವರೆಲ್ಲ ಕೆಮ್ಮುತ್ತ ರಸ್ತೆಯಾಚೆ ಹೋದರು.

ಹೊಗೆಯೊಳಗಿಂದ ಕಾಕಾನ ದನಿ ಬಂತು. "ತಂಗಿ, ಅದೀಯೇನು?"

"ಅದೀನ್ರಿ."

"ಒಳಗ ಬರಬ್ಯಾಡ. ಕಣ್ಣು ಮುಚ್ಚಿಹೋಗ್ಯಾವ, ಬಾಗಲ ಕಾಣವಲ್ದು. ಅಲ್ಲೇ ನಿಂತು ಏನರ ಮಾತಾಡು."

ಏನು ಮಾತಾಡಬೇಕೋ ತೋಚಲಿಲ್ಲ. ಸೆರಗನ್ನು ಮೂಗಿಗೆ ಒತ್ತಿ ಹಿಡಿದು, ಅವತ್ತು ಬೆಳಿಗ್ಗೆ ಬರೆದುಕೊಂಡಿದ್ದ ಬ್ಲೌಸಿನ ಅಳತೆ ಹೇಳತೊಡಗಿದೆ. ಎದೆ ಮೂವತ್ತಾರು, ಸೊಂಟ ಮೂವತ್ತು, ತೋಳು ಹತ್ತು, ಹಿಂದಿನ ಕೊರಳು ಎಂಟು. ಮುಗಿದ ಮೇಲೆ ಮತ್ತೆ ಮೊದಲಿನಿಂದ. ಕೆಮ್ಮು, ಮತ್ತೆ ಅಳತೆ. ನಾಲ್ಕನೆಯ ಸಲ ಹೇಳುವಾಗ ಒಂದು ಕೈ ಬಾಗಿಲ ಚೌಕಟ್ಟನ್ನು ಹಿಡಿಯಿತು. ಆ ಕೈಯನ್ನು ಎರಡೂ ಕೈಯಿಂದ ಹಿಡಿದು ಎಳೆದೆ.

ಬೆಂಕಿ ತೆಗೆದಾಗಿತ್ತು. ತೊಟ್ಟಿನ ಚೀಲಗಳು ಹೊಗೆಯಾಡಿ ತಾವೇ ಆರಿದವು. ಬಾಯ್ಲರು ತಣ್ಣಗಾಗುವ ತನಕ, ಸುಮಾರು ಮೂರು ತಾಸು, ಕಾಕಾ ಯಾರನ್ನೂ ಒಳಗೆ ಬಿಡಲಿಲ್ಲ. ಆಮೇಲೆ ನೋಡಿದರೆ ಅದರ ಹೊಲಿಗೆಯಂಥ ವೆಲ್ಡಿಂಗು ಒಂದು ಗೇಣು ಉದ್ದಕ್ಕೆ ಉಬ್ಬಿ ನಿಂತಿತ್ತು.

ಆ ಮೂರು ತಾಸು ನಾವು ಗೋದಾಮಿನ ಎದುರಿನ ಚಹಾದಂಗಡಿಯಲ್ಲಿ ಕೂತಿದ್ದೆವು. ಕಾಕಾ ಕಣ್ಣು ತೊಳೆದುಕೊಂಡು ಬಂದು ಚಹಾ ತರಿಸಿದರು. ವೆಲ್ಡರು ತಲೆ ತಗ್ಗಿಸಿ ದೂರ ನಿಂತಿದ್ದ. ಅವನನ್ನು ಕರೆದು ಪಕ್ಕಕ್ಕೆ ಕೂರಿಸಿಕೊಂಡು, ಅವನಿಗೂ ಒಂದು ಚಹಾ ಹೇಳಿದರು.

"ಭಾಳ ಅಂಜಿಕಿ ಆತು, ತಂಗಿ" ಎಂದರು ನನಗೆ.

ನಾನು ಅಳುತ್ತಿದ್ದೆ. "ನಾ ಮೊದಲೇ ನೋಡಿದ್ದೆ ಕಾಕಾ. ಹೇಳಲಿಲ್ಲ."

ಅವರು ಗ್ಲಾಸು ಕೆಳಗಿಟ್ಟರು. ಆಮೇಲೆ ಮಿಲ್ಲಿನ ಕಥೆ ಹೇಳಿದರು. ಆಗ ಅವರಿಗೆ ಇಪ್ಪತ್ತೆರಡು ವರ್ಷ. ಮೇಲಿನ ಮಿಸ್ತ್ರಿ ಹೀಗೆಯೇ ವಾಲ್ವಿಗೆ ತೂಕ ಕಟ್ಟಿದ್ದ. ಕಾಕಾ ನೋಡಿದ್ದರು. ಹಿರಿಯ ಮನುಷ್ಯ, ತಾನೇನು ಹೇಳುವುದು ಎಂದು ಸುಮ್ಮನಿದ್ದರು. ಬಾಯ್ಲರು ಸಿಡಿದು ಮಿಸ್ತ್ರಿ ಅಲ್ಲೇ ಹೋದ. ಇವರ ಕಿವಿ ಹೋಯಿತು.

"ಆ ಮಿಸ್ತ್ರಿ ನನಗ ಅಣ್ಣ ಆಗಬೇಕು" ಎಂದರು. "ಸ್ವಂತ ಅಣ್ಣ. ನೀ ತಡಾ ಮಾಡಿದ್ರೂ ಹೇಳಿದಿ. ನಾ ಹೇಳಲೇ ಇಲ್ಲ."

ಹೋದ ಮಳೆಗಾಲದಲ್ಲಿ ಕಾಕಾಗೆ ನ್ಯುಮೋನಿಯಾ ಆಯಿತು. ರಾಣೇಬೆನ್ನೂರಿನ ಆಸ್ಪತ್ರೆಗೆ ಹೋದಾಗ ಮೂಗಿಗೆ ನಳಿಕೆ ಹಾಕಿದ್ದರು. ಅಂಜಿಕೆ ಆಗುತ್ತದೆಯೇ ಎಂದು ಕೇಳಿದೆ. "ಆಗತೈತಿ. ಕೈ ಹಿಡಕೊಂಡು ಕುಂದ್ರು" ಎಂದರು. ಸಂಜೆಯ ಬಸ್ಸಿನ ಹೊತ್ತಾಗುವ ತನಕ ಕೂತೆ. ಎರಡು ದಿನ ಬಿಟ್ಟು ತೀರಿಕೊಂಡರು.

ಈ ವರ್ಷ ಕರ್ಜಗಿಯ ಒಂದು ಮನೆಗೆ ಮದುಮಗಳ ಬ್ಲೌಸು ತೊಡಿಸಿ ನೋಡಲು ಹೋಗಿದ್ದೆ. ಅಂಗಳದಲ್ಲಿ ಅಡುಗೆಯವರು ದೊಡ್ಡ ಒಲೆ ಹಚ್ಚುವ ತಯಾರಿಯಲ್ಲಿದ್ದರು. ಸುತ್ತ ಮಕ್ಕಳು ಆಡುತ್ತಿದ್ದರು. ದಾಟಿ ಹೋಗುವಾಗ ನನಗೆ ಗ್ಯಾಸಿನ ವಾಸನೆ ಬಂತು. ಸಿಲಿಂಡರಿನ ಪೈಪಿಗೆ ಯಾರೋ ಬಟ್ಟೆ ಸುತ್ತಿ ಬಿಗಿದಿದ್ದರು. ಅಡುಗೆಯವನು ಆಗಲೇ ಕಡ್ಡಿಪೆಟ್ಟಿಗೆ ಕೈಗೆ ತೆಗೆದುಕೊಂಡಿದ್ದ. ಜಗಲಿಯ ತುಂಬ ಹಿರಿಯರು ಕೂತಿದ್ದರು.

ನಾನು ಅಲ್ಲೇ ನಿಂತೆ. "ಕಡ್ಡಿ ಗೀರಬ್ಯಾಡ್ರಿ. ಪೈಪು ಸೋರಾಕತ್ತೈತಿ. ಹುಡುಗುರನ್ನ ಆಚೆ ಕಳಸ್ರಿ" ಎಂದೆ. ದನಿ ನಡುಗುತ್ತಿತ್ತು. ಆದರೆ ಜಗಲಿಯ ಮೇಲಿದ್ದವರೆಲ್ಲ ಮಾತು ನಿಲ್ಲಿಸಿ ನನ್ನತ್ತ ತಿರುಗುವಷ್ಟು ಗಟ್ಟಿಯಾಗಿತ್ತು.