ಮೀಸಲು ಕಾಯಿಯ ತೂಕ

ಗುಬ್ಬಿಯ ಕಾಲೇಜಿನಲ್ಲಿ ನಾನು ಸಂಖ್ಯಾಶಾಸ್ತ್ರ ಪಾಠ ಮಾಡುವ ಕೋಣೆಗೆ ಕಳೆದ ವರ್ಷ ಸ್ಮಾರ್ಟ್ ಬೋರ್ಡ್ ಬಂತು. ಬಂದ ದಿನದಿಂದಲೂ ನನಗೂ ಅದಕ್ಕೂ ಎಣ್ಣೆ ಸೀಗೆಕಾಯಿ. ನಾನು ಸೀಮೆಸುಣ್ಣ ಹಿಡಿದು ಬೆವರು ಸುರಿಸಿ ಬಿಡಿಸುತ್ತಿದ್ದ ಗ್ರಾಫನ್ನು ಅದು ಕಣ್ಣು ಮಿಟುಕಿಸುವುದರೊಳಗೆ ಬಿಡಿಸಿಬಿಡುತ್ತಿತ್ತು. ಮಕ್ಕಳು "ಅರ್ಥ ಆಯ್ತು ಮಿಸ್" ಎಂದು ತಲೆಯಾಡಿಸುತ್ತಿದ್ದರು. ಪರೀಕ್ಷೆಯಲ್ಲಿ ನೋಡಿದರೆ ಹಳೇ ಕಥೆಯೇ.

ಹಾಗಲವಾಡಿ ಕಡೆಯಿಂದ ಬರುವ ಒಬ್ಬ ಹುಡುಗಿ ತಲೆಯನ್ನೂ ಆಡಿಸುತ್ತಿರಲಿಲ್ಲ. ಕಿರುಪರೀಕ್ಷೆಯಲ್ಲಿ ಫೇಲಾದ ಮೇಲೆ ಸ್ಟಾಫ್ ರೂಮಿಗೆ ಬಂದು, "ಮಿಸ್, ಈ ಸಬ್ಜೆಕ್ಟ್ ನನ್ ಕೈಲಾಗಲ್ಲ. ಬೇರೆ ತಗೊಂತೀನಿ" ಎಂದಳು. ವಿಷಯ ಬದಲಿಸಲು ಆ ಶನಿವಾರವೇ ಕಡೆಯ ದಿನ. ನನಗೆ ಸಿಟ್ಟು ಬಂತು. ಅವಳ ಮೇಲೋ, ಬೋರ್ಡಿನ ಮೇಲೋ, ನನ್ನ ಮೇಲೋ ತಿಳಿಯಲಿಲ್ಲ. "ಶನಿವಾರದವರ್ಗೂ ಸುಮ್ನಿರು. ಕ್ಲಾಸಲ್ಲಿ ಎಲ್ರಿಗೂ ಹೇಳಿದೀನಲ್ಲ, ನೀನೂ ನಿಮ್ಮನೆ ತೆಂಗಿನಕಾಯಿ ತೂಗಿ ಬರ್ಕೊಂಡ್ ಬಾ" ಎಂದು ಗದರಿದೆ.

ಶುಕ್ರವಾರ ಅವಳು ತಂದ ತೂಕಗಳನ್ನು ಬೋರ್ಡಿಗೆ ಹಾಕಿದೆ, ಹಗುರದವು ಎಡಕ್ಕೆ, ಭಾರದವು ಬಲಕ್ಕೆ. ಗ್ರಾಫಿನ ಕಂಬಗಳು ಎಡದಿಂದ ನಿಧಾನವಾಗಿ ಏರಿ, ಬಲಗಡೆ ಕುಡುಗೋಲಿನಲ್ಲಿ ಕೊಯ್ದ ಹಾಗೆ ನಿಂತುಬಿಟ್ಟವು. ಉಳಿದವರ ಗ್ರಾಫುಗಳೆಲ್ಲ ಎರಡೂ ಕಡೆ ಇಳಿದಿದ್ದವು. ಬೋರ್ಡು ಕೊನೆಗೂ ಕೈಕೊಟ್ಟಿತು ಎಂದು ಒಳಗೊಳಗೇ ಖುಷಿಪಟ್ಟೆ. ಆಫ್ ಮಾಡಿ ಮತ್ತೆ ಆನ್ ಮಾಡಿದೆ. ಅದೇ ಚಿತ್ರ.

ಪಕ್ಕದ ಹುಡುಗಿ ಸರಾಸರಿ ನೋಡಿ ನಕ್ಕಳು. "ಏನೇ, ನಿಮ್ ತೋಟದಲ್ಲಿ ಬರೀ ಚಿಕ್ ಕಾಯೇನಾ?"

ಇವಳಿಗೆ ರೇಗಿತು. "ದಪ್ಪ ಕಾಯೂ ಅವೆ ಕಣೇ! ಕಾಯಿ ಕೆಡವಿದ್ ತಕ್ಷಣ ದಪ್ಪದ್ನೆಲ್ಲ ದೇವ್ರಿಗೆ ಮೀಸಲು ಅಂತ ನಮ್ಮಜ್ಜಿ ಅಟ್ಟಕ್ಕಾಕ್ಬುಡ್ತಾರೆ. ಹಬ್ಬದವರ್ಗೂ ಯಾರೂ ಮುಟ್ಟಂಗಿಲ್ಲ. ಅವನ್ನೆಂಗ್ ತೂಗ್ಲಿ?" ಎಂದವಳು ತಟ್ಟನೆ ಬೋರ್ಡಿನ ಕಡೆ ತಿರುಗಿದಳು. ಎದ್ದು ಬಂದು, ಕಂಬಗಳು ನಿಂತ ಜಾಗದಿಂದ ಬಲಕ್ಕೆ, ಬೆರಳಲ್ಲೇ ಇಳಿಯುವ ಗೆರೆಯೊಂದನ್ನು ಎಳೆದಳು.

"ಮಿಸ್, ಅಟ್ಟದ್ ಮೇಲಿರೋವು ಇಲ್ಲಿ ಬರ್ಬೇಕು. ಅವಿಲ್ದೆ ಈ ಸರಾಸರಿ ಸುಳ್ಳು."

ಬೋರ್ಡಿಲ್ಲದಿದ್ದರೆ ಆ ಕೊಯ್ದ ಅಂಚು ಅಷ್ಟು ಬೇಗ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ, ಒಪ್ಪಬೇಕು. ಆದರೆ ಅದು ಅಟ್ಟ ಹತ್ತಿ ನೋಡುವುದಿಲ್ಲ. ಸಂಜೆ ತುಮಕೂರಿನ ಮನೆಗೆ ವಾಪಸಾಗುವ ಬಸ್ಸಿನಲ್ಲಿ ಅದನ್ನೇ ಯೋಚಿಸಿದೆ. ಜೊತೆಗೆ, ನಾಳೆ ಅವಳು ಬಂದು ಏನೆನ್ನುತ್ತಾಳೋ ಎಂದು.

ಶನಿವಾರ ಸ್ಟಾಫ್ ರೂಮಿನ ಬಾಗಿಲಲ್ಲಿ ಅವಳನ್ನು ಕಂಡಾಗ, ಕೈಯಲ್ಲಿ ವಿಷಯ ಬದಲಿಸುವ ಅರ್ಜಿಯಿದೆಯೇ ಎಂದು ಮೊದಲು ನೋಡಿದೆ.

"ಮಿಸ್, ಹಬ್ಬ ಮುಂದಿನ್ ತಿಂಗ್ಳು. ಮೀಸಲು ಇಳಿಸ್ತಾರಲ್ಲ, ಒಡೆಯೋಕ್ ಮುಂಚೆ ತೂಗ್ಕೊಂಡ್ ಬರ್ತೀನಿ. ಅಲ್ಲೀವರ್ಗೂ ನನ್ ಗ್ರಾಫ್ ಅಳಿಸ್ಬೇಡಿ" ಎಂದಳು.