ದೋಣಿಯ ಪಾಲು, ದಡದ ಪಾಲು

ಪುಟ್ಟಮಾದಿಗೆ ತನ್ನ ಓರಗಿತ್ತಿಯ ಮೇಲೆ ಹೊಟ್ಟೆಕಿಚ್ಚು ಶುರುವಾದದ್ದು ಹೆಸರಿನಿಂದ. ಮೈದುನ ಶಿವಮಲ್ಲುವಿನ ಮದುವೆಯ ಚಪ್ಪರದಲ್ಲಿ ಮೈಕಿನವನು ‘ಸಂಗೀತ’ ಎಂದು ಹುಡುಗಿಯ ಹೆಸರು ಕೂಗಿದಾಗ ಉಣ್ಣುತ್ತ ಕೂತಿದ್ದವರೂ ತಲೆ ಎತ್ತಿದ್ದರು. ಪುಟ್ಟಮಾದಿಯ ಹೆಸರನ್ನು ಯಾರೂ ಹಾಗೆ ಕೂಗಿರಲಿಲ್ಲ. ಅವಳ ಮದುವೆಗೆ ಮೈಕೇ ತಂದಿರಲಿಲ್ಲ.

ಆಮೇಲೆ ಅದು ತಾನಾಗಿ ಬೆಳೆಯಿತು. ಸಂಗೀತ ಹಚ್ಚಿದ ಒಲೆ ಹಸಿ ಸೌದೆಯಲ್ಲೂ ಹತ್ತಿಕೊಳ್ಳುತ್ತಿತ್ತು. ಸಂಗೀತ ನೆಟ್ಟ ದಾಸವಾಳ ಆಷಾಢದ ಗಾಳಿಯಲ್ಲೂ ಹೂ ಬಿಡುತ್ತಿತ್ತು. ಗೆಟ್ಟವಾಡಿಯ ಶುಂಠಿ ಹೊಲದಲ್ಲಿ ಇಬ್ಬರೂ ಒಂದೇ ಸಾಲು ಹಿಡಿದು ಕಳೆ ಕೀಳುತ್ತಿದ್ದರು. ಸಂಜೆ ಮನೆಗೆ ಬಂದಾಗ ಪುಟ್ಟಮಾದಿ ಮಂಡಿಯವರೆಗೆ ಮಣ್ಣಾಗಿರುತ್ತಿದ್ದಳು. ಸಂಗೀತ ಈಗಷ್ಟೇ ಸೀರೆ ಉಟ್ಟು ಹೊರಟವಳಂತೆ ಇರುತ್ತಿದ್ದಳು.

ಗುಮಟಾಪುರದ ಆ ಮನೆಗೆ ಇದ್ದದ್ದು ಒಂದೇ ಬಾಗಿಲು. ಅಣ್ಣ ದೊಡ್ಡಮಾದ, ಅವನ ಹೆಂಡತಿ ಪುಟ್ಟಮಾದಿ, ತಮ್ಮ, ತಮ್ಮನ ಹೆಂಡತಿ, ಅತ್ತೆ ಕೆಂಚಮ್ಮ, ಎಲ್ಲರೂ ಅದರಲ್ಲೇ ಒಳಗೆ, ಅದರಲ್ಲೇ ಹೊರಗೆ. ಪುಟ್ಟಮಾದಿ ಮಗಳನ್ನು ಅದೇ ಬಾಗಿಲಿನಿಂದ ಮದುವೆ ಮಾಡಿ ಕಳಿಸಿದ್ದಳು. ಅವಳಿಗೆ ಬೇಕಾಗಿದ್ದದ್ದು ಒಂದು ಬಾಗಿಲು, ತನ್ನದೇ ಆದದ್ದು. ಒಳಗಿನಿಂದ ಅಗುಳಿ ಹಾಕಿಕೊಂಡರೆ, ಆಚೆ ಯಾರು ನಗುತ್ತಿದ್ದಾರೆ, ಯಾರ ಸೀರೆ ಹೊಸದು ಎಂದು ನೋಡಬೇಕಾಗಿಲ್ಲದಂಥದ್ದು.

ಹೊಲವನ್ನು ಗುತ್ತಿಗೆ ಹಿಡಿದಿದ್ದ ಕೇರಳದ ಸಾವುಕಾರನನ್ನು ಎಲ್ಲರೂ ಮುದಲಾಳಿ ಎನ್ನುತ್ತಿದ್ದರು. ಗುತ್ತಿಗೆ ಮುಗಿದು ಊರಿಗೆ ಹೊರಟವನು ಅಣ್ಣತಮ್ಮಂದಿರನ್ನು ಕರೆದ. ಆಲಪ್ಪುಳದ ಕಡೆ ಅವನಿಗೆ ಕೆರೆಯಂಥ ದೊಡ್ಡ ಹಿನ್ನೀರಿನ ದಡದಲ್ಲಿ ಒಂದು ಮನೆ, ಆ ನೀರಿನ ಮೇಲೆ ಪ್ರವಾಸಿಗಳನ್ನು ಸುತ್ತಾಡಿಸುವ ಒಂದು ಮನೆದೋಣಿ ಇದ್ದವಂತೆ. ಮನೆಯನ್ನು ಕಾಯ್ದುಕೊಂಡಿರಲು ಒಂದು ಜೋಡಿ ಬೇಕು. ದೋಣಿಯಲ್ಲಿ ಅಡಿಗೆ ಮಾಡಿಕೊಂಡು ಅದರ ಹಿಂದಿನ ಕೋಣೆಯಲ್ಲೇ ಇರಲು ಇನ್ನೊಂದು ಜೋಡಿ ಬೇಕು. ಸಂಬಳ ಇಬ್ಬರಿಗೂ ಸಮ. “ಯಾರು ಎಲ್ಲಿ ಅಂತ ನೀವೇ ಮಾತಾಡಿಕೊಳ್ಳಿ” ಎಂದು ಫೋನಿನಲ್ಲಿ ಚಿತ್ರ ತೋರಿಸಿದ.

ದೋಣಿಗೆ ಬಿದಿರಿನ ಮಾಡು, ಕಿಟಕಿಗೆ ಪರದೆ, ಮುಂದೆ ಮೆತ್ತೆಯ ಕುರ್ಚಿ. ಮನೆಗೆ ಹೆಂಚು, ನೀರಿಗಿಳಿಯುವ ಕೆಂಪು ಮೆಟ್ಟಿಲು. ಪುಟ್ಟಮಾದಿ ದೋಣಿಯನ್ನು ದಾಟಿ ಮನೆಯ ಬಾಗಿಲನ್ನೇ ನೋಡಿದಳು. ಹಸಿರು ಬಣ್ಣದ ಜೋಡಿ ಬಾಗಿಲು.

ಆದರೆ ಅವರಲ್ಲಿ ಪಾಲಿಗೆ ಒಂದು ಕಟ್ಟಳೆ ಇತ್ತು. ಪಾಲು ಮಾಡುವುದು ಹಿರಿಯನ ಮನೆಯವರು. ಮೊದಲು ಕೈಯಿಡುವುದು ಕಿರಿಯನ ಹೆಂಡತಿ. ಮಾಡಿದವರು ಉಳಿದದ್ದನ್ನು ಬಾಯಿ ಮುಚ್ಚಿಕೊಂಡು ತೆಗೆದುಕೊಳ್ಳಬೇಕು. ಊರು ಬಿಡುವುದೆಂದ ಮೇಲೆ ಮನೆಯ ಪಾತ್ರೆ ಪಗಡೆಯೂ ಪಾಲಾಗಬೇಕಿತ್ತು. ಕೆಂಚಮ್ಮ ಮಾತ್ರ ಯಾವ ಪಾಲಿಗೂ ಸೇರಲಿಲ್ಲ. “ನಾನು ಬೀರಪ್ಪನ ಅಬ್ಬ ಬುಟ್ಟು ಎಲ್ಲಿಗೂ ಬರಕಿಲ್ಲ. ಮಗಳ ಮನೆ ಪಕ್ಕದ ಬೀದೀಲೇ ಅದೆ” ಎಂದು ಪಂಚಾಯಿತಿಗೆ ಕೂತಳು.

ಜಗಲಿಯಲ್ಲಿ ಕಂಬಳಿ ಹಾಸಿ ದೋಣಿಯ ಗುರುತಿಗೆ ಒಂದು ಮೊರವನ್ನು, ಮನೆಯ ಗುರುತಿಗೆ ಒಂದು ಹೆಂಚನ್ನು ಇಟ್ಟರು. ಪುಟ್ಟಮಾದಿ ಮೊರದ ಬದಿಗೆ ಸಾಮಾನು ಪೇರಿಸತೊಡಗಿದಳು. ಸರ್ಕಾರ ಕೊಟ್ಟ ಮಿಕ್ಸಿ. ಸಂಗೀತ ಬಹಳ ದಿನದಿಂದ ಕಣ್ಣಿಟ್ಟಿದ್ದ ಹಿತ್ತಾಳೆಯ ಕೊಳಗ. ಕೊನೆಗೆ ಅತ್ತೆಯ ತಾಮ್ರದ ಹಂಡೆಯನ್ನೇ ಎಳೆದು ತಂದಳು.

ದೊಡ್ಡಮಾದ ತಲೆ ಕೆರೆದುಕೊಂಡ. “ಅಂಡೆ ಯಾಕಮ್ಮಿ ದೋಣಿಗೆ?”

“ನೀರು ಕಾಯಿಸ್ಕಳಕ್ಕೆ.”

“ಸುತ್ತಲೂ ನೀರೇ ಅಲ್ವಾ?”

“ಅದು ತಣ್ಣೀರು. ಸುಮ್ಕಿರು ನೀನು.”

“ಬೀಸೋ ಕಲ್ಲೂ ಅಲ್ಗೇಯಾ? ದೋಣಿ ಮುಳುಗೋದದು ಕಣಮ್ಮಿ!”

“ಮುಳುಗಿದ್ರೆ ನಿನ್ನ ತಮ್ಮ ಈಜ್ತಾನೆ, ಇಡು.”

ಕೆಂಚಮ್ಮ ಎಲೆಯಡಿಕೆ ಅಗಿಯುವುದನ್ನು ನಿಲ್ಲಿಸಿ ಹಿರಿಸೊಸೆಯ ಮುಖ ನೋಡಿದಳು.

ಹೆಂಚಿನ ಬದಿಗೆ ಅಲ್ಯೂಮಿನಿಯಂ ಪಾತ್ರೆಗಳು, ಒಂದು ಹಳೇ ಫ್ಯಾನು ಉಳಿದವು. ಎಲ್ಲ ಮುಗಿಸಿ ಪುಟ್ಟಮಾದಿ ಹಿಂದೆ ಸರಿದು ನಿಂತಾಗ ಎಡವಟ್ಟಾಯಿತು. ಬಿಸಿಲಿಗೆ ಹಂಡೆ ಕೆಂಪಗೆ ಹೊಳೆಯುತ್ತಿತ್ತು. ಅದರ ಪಕ್ಕದ ಬರಿಯ ಮೊರ ಅವಳ ಕಣ್ಣಿಗೆ ಪರದೆ ಹಾರಾಡುವ ದೋಣಿಯಾಗಿಯೇ ಕಂಡಿತು. ಅದರ ಮುಂದೆ ಮೆತ್ತೆಯ ಕುರ್ಚಿಯಲ್ಲಿ ಸಂಗೀತ ಕೂತಿದ್ದಳು. ತನ್ನ ಕೈಯಾರೆ ಇವಳನ್ನು ಅಲ್ಲಿ ಕೂರಿಸುತ್ತಿದ್ದೇನಲ್ಲ ಎಂದು ಎದೆ ಉರಿಯಿತು.

ಸಂಗೀತ ಕಂಬಳಿಯ ಸುತ್ತ ನಡೆದಳು. “ಅಕ್ಕ, ನೀನೇ ಏಳು. ಯಾವ್ದು ಚೆಂದಾಗದೆ?”

“ಮಾಡ್ದೋರು ಬಾಯಿ ಬುಡಂಗಿಲ್ಲ.”

“ಅಂಡೆ ಅಂತೂ ನೀನು ಕೊಡೋಳಲ್ಲ, ಇವತ್ತೇನು ಬೀರಪ್ಪ ಮೈಮೇಲೆ ಬಂದವ್ನಾ?”

ಶಿವಮಲ್ಲು ಕಿಸಕ್ಕನೆ ನಕ್ಕ. ಸಂಗೀತ ಬಗ್ಗಿ ಹೆಂಚನ್ನು ಮುಟ್ಟಿದಳು. ಪುಟ್ಟಮಾದಿಯ ಉಸಿರು ನಿಂತಿತು. ಸಂಗೀತ ಕೈ ಎಳೆದುಕೊಂಡು ಮೊರ ಎತ್ತಿದಳು. ನಿಂತ ಉಸಿರು ಆಗಲೂ ಹಗುರಾಗಲಿಲ್ಲ.

ಹೊರಟ ದಿನ ದಿಂಬಂನಲ್ಲಿ ಟೀ ಕುಡಿದು ಘಟ್ಟ ಇಳಿದರು. ತಿರುವು ತಿರುವಿಗೂ ಪುಟ್ಟಮಾದಿ ವ್ಯಾನಿನ ಕಿಟಕಿಯಿಂದ ತಲೆ ಹೊರಹಾಕಿ ವಾಂತಿ ಮಾಡಿದಳು. ಸಂಗೀತ ನಿದ್ದೆ ಮಾಡುತ್ತಿದ್ದಳು.

ಹಿನ್ನೀರಿನ ದಡದಲ್ಲಿ ಇಳಿಸಿದ ಸಾಮಾನು ನೋಡಿ ಮುದಲಾಳಿ ಹೊಟ್ಟೆ ಹಿಡಿದುಕೊಂಡು ನಕ್ಕ. ದೋಣಿಯಲ್ಲಿ ಸೌದೆ ಒಲೆ ಹಚ್ಚುವಂತಿಲ್ಲ, ಬೀಸುವ ಕಲ್ಲಿಡಲು ಜಾಗವಿಲ್ಲ. ಹಿಂದಿನ ಕೋಣೆ ಇಬ್ಬರು ಮಗ್ಗುಲಾಗಿ ಮಲಗುವಷ್ಟಿತ್ತು. ಹಂಡೆ, ಕೊಳಗ, ಕಲ್ಲು ಎಲ್ಲ ದಡದ ಮನೆಯಲ್ಲೇ ಇರಲಿ ಎಂದ. ದೋಣಿ ಹೇಗೂ ಸಂಜೆ ಅದೇ ಮೆಟ್ಟಿಲಿಗೆ ಬಂದು ಕಟ್ಟಿಕೊಳ್ಳುತ್ತದೆ ಎಂದ. ಬೆಟ್ಟದಲ್ಲಿ ಹುಟ್ಟಿದವರಿಗೆ ದೋಣಿಗೂ ಒಂದು ಕೊಟ್ಟಿಗೆ ಬೇಕೆಂದು ಹೊಳೆದಿರಲಿಲ್ಲ.

ಹೀಗೆ ಸಂಗೀತಳ ಪಾಲು ಪುಟ್ಟಮಾದಿಯ ಹಿತ್ತಲು ಸೇರಿತು. ಪಾಲಿನ ಹಿಂದೆಯೇ ಸಂಗೀತಳೂ ಬಂದಳು. ದಿನಾ ಸಂಜೆ ಹಸಿರು ಬಾಗಿಲು ತಳ್ಳಿಕೊಂಡು ಒಳಗೆ ಬಂದು, ತನ್ನ ಹಂಡೆಯಲ್ಲಿ ನೀರು ಕಾಯಿಸಿ ಮೀಯುತ್ತಿದ್ದಳು. ಕೂದಲು ಒಣಗುವವರೆಗೆ ದೋಣಿಯ ಸುದ್ದಿ ಹೇಳುತ್ತಿದ್ದಳು. ದಿಲ್ಲಿಯ ಹೆಂಗಸೊಬ್ಬಳು ಸಂಗೀತಳ ರಾಗಿಮುದ್ದೆಯ ಫೋಟೋ ಹಿಡಿದಳಂತೆ. ಮದುವೆಯಾದ ಹೊಸ ಜೋಡಿ ಅವಳನ್ನು ನಡುವೆ ನಿಲ್ಲಿಸಿಕೊಂಡು ಫೋಟೋ ಹಿಡಿಸಿಕೊಂಡಿತಂತೆ. ಪುಟ್ಟಮಾದಿ ಒಲೆಗೆ ತೆಂಗಿನ ಸೋಗೆ ತುರುಕುತ್ತ ಕೇಳುತ್ತಿದ್ದಳು. ಹಗಲೆಲ್ಲ ಅವಳು ಕಸ ಗುಡಿಸಿ, ಕಿಟಕಿ ಒರೆಸಿ, ಯಾರೂ ಬರದ ಮನೆಯ ಮೆಟ್ಟಿಲ ಮೇಲೆ ಕೂತು ದೋಣಿ ಎಲ್ಲಿ ತಿರುಗುತ್ತಿದೆ ಎಂದು ನೋಡುತ್ತಿದ್ದಳು.

ಮಳೆಗಾಲ ಬಂದು ಪ್ರವಾಸಿಗಳು ಕಡಿಮೆಯಾದರು. ಒಂದು ಸಂಜೆ ಸಂಗೀತ ತಲೆ ಒರೆಸಿಕೊಳ್ಳುತ್ತ ಇದ್ದಕ್ಕಿದ್ದಂತೆ ಹೇಳಿದಳು: “ಅಕ್ಕ, ಬದಲಾಯಿಸ್ಕಳವಾ?”

“ಏನ?”

“ನೀನು ದೋಣಿಗೆ ಓಗು, ನಾನು ಇಲ್ಲಿರ್ತೀನಿ. ಮಲಗಿದ್ರೆ ನೆಲ ತೂಗ್ತದೆ. ಗಂಡನ್ನ ಬೈಯನ ಅಂದ್ರೆ ಬಂದೋರು ಕೇಳಿಸ್ಕತಾರೆ. ಎಷ್ಟು ದಿನ ನಗ್ತಾ ಇರದು?”

ಪುಟ್ಟಮಾದಿಗೆ ನಂಬಿಕೆ ಬರಲಿಲ್ಲ. ಸಂಗೀತ ಬಿಟ್ಟುಕೊಡುತ್ತಾಳೆಂದರೆ ದೋಣಿಯಲ್ಲಿ ಏನೋ ಊನ ಇರಬೇಕು. ಇಲ್ಲವೇ ಈ ಮನೆಯಲ್ಲಿ ತನಗೆ ಕಾಣದ್ದು ಅವಳಿಗೆ ಕಂಡಿರಬೇಕು. “ಮೊದ್ಲು ಅತ್ತಿ ನೋಡ್ತೀನಿ” ಎಂದಳು.

ಮರುದಿನ ಬಾಡಿಗೆ ಇರಲಿಲ್ಲ. ದೋಣಿ ನಡೆಸುವ ಆ ಊರಿನವನು ಇಂಜಿನ್ನಿಗೆ ಎಣ್ಣೆ ಹೊಯ್ದು ಒಂದು ಸುತ್ತು ಹೊರಟ. ಪುಟ್ಟಮಾದಿಯನ್ನು ಸಂಗೀತ ಮುಂದಿನ ಮೆತ್ತೆಯ ಕುರ್ಚಿಯಲ್ಲೇ ಕೂರಿಸಿದಳು. ಪರದೆ ಮುಖಕ್ಕೆ ಬಡಿಯಿತು. ಮೋಡದ ಕೆಳಗೆ ನೀರು ಬೂದಿ ಬಣ್ಣಕ್ಕಿತ್ತು. ಎರಡು ಕೈಯಲ್ಲೂ ಕುರ್ಚಿ ಹಿಡಿದು ಕೂತವಳಿಗೆ ಚೆಂದ ಎನಿಸಿತು. ಇಷ್ಟು ದಿನ ಉರಿದುಕೊಂಡಷ್ಟು ಚೆಂದ ಎನಿಸಲಿಲ್ಲ.

ದೋಣಿ ತಿರುಗಿಕೊಂಡು ಹಿಂದಕ್ಕೆ ಬರುವಾಗ ತೆಂಗಿನ ಸಾಲಿನ ನಡುವೆ ಒಂದು ಮನೆ ಕಾಣಿಸಿತು. ತೊಳೆದ ಕೆಂಪು ಮೆಟ್ಟಿಲು ನೀರಿನವರೆಗೆ ಇಳಿದಿತ್ತು. ಹಿತ್ತಲಿನಿಂದ ತೆಳ್ಳನೆಯ ಹೊಗೆ ಏಳುತ್ತಿತ್ತು. ಬಾಗಿಲು ಮುಚ್ಚಿತ್ತು. ಮಳೆ ಬರುವ ಮುಂಚೆ ಒಳಗೆ ಹೋಗಿ ಅಗುಳಿ ಹಾಕಿಕೊಳ್ಳುವವಳು ಯಾವಳೋ, ಎಂಥ ಪುಣ್ಯ ಮಾಡಿದ್ದಳೋ ಎಂದು ಪುಟ್ಟಮಾದಿಯ ಹೊಟ್ಟೆಯಲ್ಲಿ ಆ ಹಳೆಯ ಉರಿ ಎದ್ದಿತು. ಆ ಹೆಂಗಸನ್ನು ನೋಡಲೆಂದು ಅವಳು ಕುರ್ಚಿಯಲ್ಲಿ ಮುಂದಕ್ಕೆ ಬಾಗಿದಳು ಕೂಡ. ಹಗ್ಗದ ಮೇಲೆ ತನ್ನ ಹರಿದ ಅಂಚಿನ ಸೀರೆ ಹಾರಾಡುವುದು ಆಗ ಕಂಡಿತು.

“ಏನಕ್ಕ?” ಸಂಗೀತ ಭುಜಕ್ಕೆ ತಾಗಿ ನಿಂತಿದ್ದಳು. ಅವಳೂ ಆ ಕಡೆಗೇ ನೋಡುತ್ತಿದ್ದಳು. “ಬದಲಾಯಿಸ್ಕಳವಾ?”

“ಬ್ಯಾಡ ಕಣಮ್ಮಿ.” ಪುಟ್ಟಮಾದಿ ಅವಸರವಾಗಿ ಹೇಳಿದಳು. “ಅಲ್ಲಿ ಸೊಳ್ಳೆ ಬಾಳ. ಮೆಟ್ಲೆಲ್ಲ ಪಾಚಿ. ಸೂರು ಬ್ಯಾರೆ ಸೋರ್ತದೆ.”

“ನಂಗೆ ಒಂದಿನಾನೂ ಸೊಳ್ಳೆ ಕಾಣ್ನಿಲ್ಲ?”

“ನೀನು ಸಂದೇಲಿ ಬಂದು ಓಗೋಳು. ರಾತ್ರಿ ಬತ್ತವೆ.”

ಸಂಗೀತ ಅಕ್ಕನ ಮುಖವನ್ನು ಒಂದು ಗಳಿಗೆ ನೋಡಿ, ಬಾಯಿಗೆ ಸೆರಗು ಅಡ್ಡ ಹಿಡಿದಳು. “ಅಂಗಾದ್ರೆ ಬುಡು. ಮೀಯಕ್ಕಾದ್ರೂ ಬರಬೋದಾ?”

ದೋಣಿ ಮೆಟ್ಟಿಲಿಗೆ ತಾಗಿತು. ಪುಟ್ಟಮಾದಿ ಯಾರ ಕೈಯನ್ನೂ ಹಿಡಿಯದೆ ದಡಕ್ಕೆ ಹಾರಿದಳು.

“ಬಾ, ಯಾರು ಬ್ಯಾಡ ಅಂದ್ರು?” ಎಂದಳು ಮೆಟ್ಟಿಲು ಹತ್ತುತ್ತ. “ಬಾಗಿಲು ತಟ್ಟಿ ಬಾ.”