ಮುನೀರ್ ಪಾಷಾರ ಒಂದೇ ಒಂದು ಶಹಬ್ಬಾಸ್

ಕಡೂರಿನ ಬಸ್‌ಸ್ಟ್ಯಾಂಡ್ ಹಿಂದಿನ ಓಣಿಯಲ್ಲಿ ಕೋಟು ಹೊಲಿಯುವ ಮುನೀರ್ ಪಾಷಾರ ಬಾಯಿಂದ ಹೊಗಳಿಕೆ ಹೊರಡಿಸುವುದೂ ಒಂದೇ, ಕಲ್ಲಿನಲ್ಲಿ ನಾರು ತೆಗೆಯುವುದೂ ಒಂದೇ. ಅದಕ್ಕೆ ಕಾರಣವಿತ್ತು ಅನ್ನಿ. ತರೀಕೆರೆಯ ಅವರ ಉಸ್ತಾದರ ಅಂಗಡಿಯಲ್ಲಿ ಶಿಷ್ಯನಿಗೆ ಶಹಬ್ಬಾಸ್ ಸಿಗುತ್ತಿದ್ದುದು ಒಂದೇ ಸಲ. ಸಿಕ್ಕ ಮೇಲೆ ಅವನು ಅಲ್ಲಿ ಕೂರುವಂತಿಲ್ಲ, ಸ್ವಂತ ಅಂಗಡಿ ಇಡಬೇಕು. ಎಂಟು ವರ್ಷ ಬೈಸಿಕೊಂಡು ಕೊನೆಗೊಂದು ಬೆಳಗ್ಗೆ ಆ ಮಾತು ಕೇಳಿದ ಮುನೀರ್, ಕಡೂರಿನ ಬಸ್ಸಿನಲ್ಲಿ ದಾರಿಯುದ್ದಕ್ಕೂ ಅತ್ತಿದ್ದರು. ಆ ಬೈಗುಳ, ಇಸ್ತ್ರಿಪೆಟ್ಟಿಗೆಯ ಇದ್ದಿಲ ವಾಸನೆ, ಉಸ್ತಾದರು ಅರ್ಧ ಕುಡಿದು ಕೊಡುತ್ತಿದ್ದ ಚಹಾ... ಅಯ್ಯೋ, ಆ ದಿನಗಳೇ ದಿನಗಳು!

ಈಗ ಮೊಮ್ಮಗಳು ಫಿಜಾಳ ಸರದಿ. ಆರು ವರ್ಷ ತಾತನ ಪಕ್ಕದಲ್ಲೇ ಕೂತು ಕಲಿತಿದ್ದಾಳೆ. ಅಜ್ಜಂಪುರದಲ್ಲಿ ಮಳಿಗೆ ಹಿಡಿದು ಮೂರು ತಿಂಗಳಾಯಿತು. ತಾತನ ಶಹಬ್ಬಾಸ್ ಸಿಗದೆ ಬೀಗ ತೆಗೆದಿಲ್ಲ. ಮುದುಕರೋ, ದಿನಕ್ಕೊಂದು ತಪ್ಪು ಹುಡುಕುತ್ತಾರೆ.

ಅವತ್ತು ರಿಟೈರಾದ ಕನ್ನಡ ಮೇಷ್ಟ್ರು ಶಾಮಣ್ಣ ಬಂದು, ಫಿಜಾ ಹೊಲಿದ ಕೋಟು ತೊಟ್ಟು ಕನ್ನಡಿ ಮುಂದೆ ತಿರುಗಿದರು.

"ಭೇಷ್! ಶಹಬ್ಬಾಸ್ ಕಣಮ್ಮಾ!"

"ಆ ಮಾತು ನಮ್ಮ ಅಂಗಡೀಲಿ ಸುಮ್‌ಸುಮ್ನೆ ಆಡ್ಬೇಡಿ ಮೇಷ್ಟ್ರೇ," ಮುನೀರ್ ಸಿಡುಕಿದರು.

"ಯಾಕ್ ಸಾಬ್ರೇ? ಎರಡೂ ಪಾರಸಿಯಿಂದ ಬಂದಿದ್ದು. ಭೇಷ್ ಅಂದ್ರೆ ಹೆಚ್ಚು ಅಂತ. ಶಹಬ್ಬಾಸು ಮೂಲದಲ್ಲಿ ಶಾದ್ ಬಾಷ್, ಖುಷಿಯಾಗಿರು ಅಂತ. ಹೊಗಳಿಕೆಗಿಂತ ಹಾರೈಕೆ ಕಣ್ರೀ ಅದು!"

ಮೇಷ್ಟ್ರು ಹೋದ ಮೇಲೂ ಮುನೀರ್ ಆ 'ಖುಷಿಯಾಗಿರು'ವನ್ನೇ ಮೆಲುಕು ಹಾಕುತ್ತಿದ್ದರು. ಉಸ್ತಾದರು ತನ್ನನ್ನು ಅಟ್ಟಿಬಿಟ್ಟರೆಂದು ಐವತ್ತು ವರ್ಷ ಕೊರಗಿದ್ದೇ ಬಂತು. ಶಹಬ್ಬಾಸ್ ಅಂದ ಆ ಬೆಳಗ್ಗೆ ಉಸ್ತಾದರ ಕಣ್ಣೂ ಕೆಂಪಾಗಿದ್ದುದು ಈಗ ನೆನಪಾಯಿತು.

"ಬೇಟಿ, ನಿನ್ನೆ ಮೇಷ್ಟ್ರ ಕೋಟಿನ ತೋಳು ಬಿಚ್ಕೊಂಡಿತ್ತಲ್ಲ, ಅದು..."

"ಗೊತ್ತು ದಾದಾ. ನೀವೇ ಬಿಚ್ಚಿದ್ದು. ಹೋದ ವಾರ ಕಾಲರ್ ಬಿಚ್ಚಿದ್ದೂ ನೀವೇ."

ಮುದುಕರಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. "ಗೊತ್ತಿದ್ದೂ ಯಾಕ್ ಸುಮ್ನಿದ್ದೆ?"

"ಮತ್ತೆ ಹೊಲಿಯೋಕೆ ಇನ್ನೊಂದು ದಿನ ನಿಮ್ ಪಕ್ಕ ಕೂರಬಹುದಲ್ಲ ಅಂತ."

ಮುನೀರ್ ಎದ್ದು ಅವಳ ತಲೆ ಮೇಲೆ ಕೈಯಿಟ್ಟರು. "ಶಹಬ್ಬಾಸ್," ಎಂದರು. ಮಾತು ಅರ್ಧವೇ ಹೊರಟಿತು. ಇನ್ನೊಮ್ಮೆ, ಓಣಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ ಹೇಳಿದರು.

ಫಿಜಾ ಕಣ್ಣೊರೆಸಿಕೊಂಡು ತನ್ನ ಸ್ಟೂಲಿನಿಂದ ಎದ್ದಳು. ಮತ್ತೆ ಅದರ ಮೇಲೆ ಕೂರಲಿಲ್ಲ.